ಮೊಣಕಾಲೆತ್ತರದ ಗುರುತು

ಬಡಗಿಗಳು ದಾರಕ್ಕೆ ಸವರಿ ಗೆರೆ ಹೊಡೆಯುವ ನೀಲಿ ಪುಡಿ ಕಂಡರೆ ನಾನು ಈಗಲೂ ಮುಖ ತಿರುಗಿಸಿಕೊಳ್ಳುತ್ತೇನೆ. ಒಂದು ಕಾಲಕ್ಕೆ ನಮಗೆ ಅನ್ನ ಹಾಕಿದ್ದೇ ಆ ಪುಡಿ.

ನಮ್ಮ ಯಜಮಾನರು ಬಡಗಿ. ಊರವರು ಅವರನ್ನು ಅಂಗೈ ಮೇಸ್ತ್ರಿ ಎನ್ನುತ್ತಿದ್ದರು. ವಯಸ್ಸಾದವರು ಇದ್ದ ಮನೆಯಲ್ಲೇ ಕೊನೆಯವರೆಗೂ ಬೀಳದಂತೆ ಓಡಾಡಿಕೊಂಡಿರಲು ಮನೆ ತಿದ್ದಿಕೊಡುವುದು ಅವರ ಕೆಲಸ. ಹೊಸ್ತಿಲು ಕೀಳುವರು, ಬಾಗಿಲು ಅಗಲ ಮಾಡುವರು, ಬಚ್ಚಲಲ್ಲಿ ಕೂರಲು ಹಲಗೆ ಕಟ್ಟುವರು, ಗೋಡೆಗುಂಟ ಮರದ ಹಿಡಿ ಕೂರಿಸುವರು. ಆ ಹಿಡಿ ಹಿಡಿಯಂತೆ ಕಾಣಬಾರದು, ಅದೊಂದು ಹಠ. ಬಂದವರು ನೋಡಿದರೆ, ಗೋಡೆಗೆ ಎಷ್ಟು ಚೆಂದದ ಅಂಚು ಕಟ್ಟಿಸಿದ್ದಾರೆ ಎನ್ನಬೇಕು. ಸ್ಟೀಲ್ ಪೈಪ್ ಸಾಕು ಅಂದವರಿಗೆ, ಆಸ್ಪತ್ರೆ ಬೇಕಿದ್ದರೆ ಆಸ್ಪತ್ರೆಗೇ ಹೋಗಿ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಎದ್ದು ಬರುತ್ತಿದ್ದರು. ಗಿರಾಕಿ ಹೋದರೆ ಹೋಗಲಿ, ಆ ಮನುಷ್ಯನ ಜಂಬ ಹೋಗುತ್ತಿರಲಿಲ್ಲ.

ಅಳತೆಗೆ ಹೋದಾಗ ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಎಲ್ಲಿ ಕಷ್ಟ ಎಂದು ಕೇಳಿದರೆ ಮುದುಕರು ಎಲ್ಲೂ ಇಲ್ಲ ಅನ್ನುತ್ತಾರಂತೆ. ನೀಲಿ ಪುಡಿಯ ಡಬ್ಬಿ ಕೊಟ್ಟು, ಎರಡು ದಿನ ಅಂಗೈಗೆ ಹಚ್ಚಿಕೊಂಡು ಓಡಾಡಿ ಎಂದಷ್ಟೇ ಹೇಳಿ ಬರುವರು. ಮೂರನೆಯ ದಿನ ಹೋಗಿ ಗೋಡೆ ಓದುವರು. ಗುರುತು ಎಲ್ಲಿ ಎಷ್ಟೆತ್ತರಕ್ಕೆ ಬಿದ್ದಿದೆಯೋ ಅಲ್ಲಿ ಅಷ್ಟೇ ಎತ್ತರಕ್ಕೆ ಹಿಡಿ. ಬಾಯಿ ಸುಳ್ಳು ಹೇಳಿದರೂ ಅಂಗೈ ಹೇಳುವುದಿಲ್ಲ ಎಂದು ಅವರ ನಂಬಿಕೆ.

ಒಂದು ಮನೆಯಿಂದ ಮಾತ್ರ ಕೆಲಸ ಒಪ್ಪದೆ ವಾಪಸು ಬಂದರು. ಅಲ್ಲಿ ಅಜ್ಜ ಒಬ್ಬನೇ ಇದ್ದ, ಗುರುತೆಲ್ಲ ಮೊಣಕಾಲೆತ್ತರಕ್ಕೆ ಬಿದ್ದಿದ್ದವು. ಅಜ್ಜ ನಡೆಯುತ್ತಿಲ್ಲ, ತೆವಳುತ್ತಿದ್ದಾನೆ ಎಂದು ಅವನ ಮಗಳಿಗೂ ಗೊತ್ತಿರಲಿಲ್ಲ. ಅವತ್ತು ಊಟಕ್ಕೆ ಕೂತಾಗ ಇವರು ಹೇಳಿದರು: "ಗುರುತು ಮೊಣಕಾಲಿಗೆ ಇಳೀತು ಅಂದ್ರೆ ಮುಗೀತು. ಒಬ್ಬರೇ ಇರೋ ಹಾಗಿಲ್ಲ. ಯಾರದಾದ್ರೂ ಮನೆ ಸೇರ್ಬೇಕು."

ಅಂದು ಇವರ ಅಕ್ಕನೂ ಊಟಕ್ಕೆ ಬಂದಿದ್ದರು. ತಲೆ ಎತ್ತದೆ ಉಂಡು, ಕೈ ತೊಳೆದುಕೊಂಡು ಹೊರಟುಹೋದರು.

ಅಕ್ಕ ಎರಡು ಬೀದಿ ಆಚೆ ಒಬ್ಬರೇ ಇದ್ದರು. ತಾಯಿ ಇಲ್ಲದ ತಮ್ಮನನ್ನು ಬಟ್ಟೆ ಹೊಲಿದು ಸಾಕಿದವರು. ಎಪ್ಪತ್ತೊಂದಾದರೂ ಕೊರಳಲ್ಲಿ ಟೇಪು ತಪ್ಪಿರಲಿಲ್ಲ, ನಾಲಿಗೆಯೂ ಕತ್ತರಿಯಷ್ಟೇ ಹರಿತ. ಒಮ್ಮೆ ಅವರ ಮನೆ ಸೂರು ರಿಪೇರಿಗೆಂದು ನಮ್ಮಲ್ಲಿ ಒಂದು ತಿಂಗಳಿದ್ದರು. ಎರಡು ಜಡೆ ಸೇರಿದರೆ ಜಗಳ ಎಂಬ ಗಾದೆಯನ್ನು ನಮ್ಮಿಬ್ಬರನ್ನು ನೋಡಿಯೇ ಮಾಡಿರಬೇಕು. ನಾನು ಮಡಿಚಿಟ್ಟ ಬಟ್ಟೆಯನ್ನು ನನ್ನ ಕಣ್ಣೆದುರಿಗೇ ಬಿಡಿಸಿ ಮತ್ತೆ ಮಡಿಚುತ್ತಿದ್ದರು. ಅವರು ಹೊರಟ ದಿನ ನಾನು ಬಾಗಿಲು ಹಾಕಿಕೊಂಡು ನಿಟ್ಟುಸಿರು ಬಿಟ್ಟಿದ್ದೆ.

ಆ ಊಟವಾಗಿ ಕೆಲವು ತಿಂಗಳಿಗೆ ಅಕ್ಕ ಬಚ್ಚಲಲ್ಲಿ ಒಮ್ಮೆ ಜಾರಿದ್ದು ಗೊತ್ತಾಗಿ, ಇವರು ಅವರ ಮನೆಯನ್ನೂ ತಿದ್ದಲು ಹೊರಟರು. ಪುಡಿಯ ಡಬ್ಬಿ ಕೊಟ್ಟು ಬಂದರು. ಎರಡನೆಯ ದಿನ ಮಧ್ಯಾಹ್ನ ನಾನು ಊಟದ ಡಬ್ಬಿ ಹಿಡಿದು ಹೋದೆ. ಬಾಗಿಲು ಓರೆಯಾಗಿತ್ತು. ಮಂಚದಿಂದ ಬಚ್ಚಲವರೆಗೆ ಗೋಡೆಯ ಬುಡದಲ್ಲಿ ನೀಲಿ ಕೈಗಳು. ಯಾವುದೋ ಮಗು ಬಂದಿತ್ತೇನೋ ಅಂದುಕೊಂಡೆ. ಆಮೇಲೆ ಅಕ್ಕ ಕಂಡರು. ನೆಲದ ಮೇಲೆ ಕೂತು ಒದ್ದೆ ಬಟ್ಟೆಯಿಂದ ಗುರುತು ಒರೆಸುತ್ತಿದ್ದರು.

"ನೀನೇನೂ ನೋಡಿಲ್ಲ ಕಣೇ," ಅಂದರು. "ನೋಡಿದೀನಿ ಅಂತ ಹೇಳು, ನಾಳೆನೇ ಗಂಟುಮೂಟೆ ಕಟ್ಕೊಂಡು ನಿನ್ನ ಮನೆಗೆ ಬರ್ಬೇಕಾಗುತ್ತೆ. ಬೇಕಾ?"

ಬೇಡ ಅನ್ನಿಸಿತು. ಸುಳ್ಳು ಯಾಕೆ ಹೇಳಲಿ, ಎದೆಯೊಳಗೆ ಮೊದಲು ಬಂದದ್ದು ಅದೇ ಮಾತು. ಅವರ ಕೈಯಿಂದ ಬಟ್ಟೆ ತೆಗೆದುಕೊಂಡು ಉಳಿದದ್ದನ್ನು ನಾನೇ ಒರೆಸಿದೆ. ಆಮೇಲೆ ಅವರ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿ ನಿಲ್ಲಿಸಿದೆ. ಅವರು ಅಂಗೈಗೆ ಪುಡಿ ಹಚ್ಚಿಕೊಂಡು ಸೊಂಟದೆತ್ತರಕ್ಕೆ ಒಂದೊಂದೇ ಗುರುತು ಒತ್ತುತ್ತಾ ಬಂದರು. ಹೊಲಿಗೆ ತಪ್ಪಿದರೆ ಬಿಚ್ಚಿ ಮತ್ತೆ ಹೊಲಿಯೋದಿಲ್ಲವೇ ಎಂದು ನಕ್ಕರು. ಅವರ ಇಡೀ ಭಾರ ನನ್ನ ತೋಳ ಮೇಲಿತ್ತು, ಕಾಲು ಎರಡೂ ನಡುಗುತ್ತಿದ್ದವು. ನಾನೂ ನಕ್ಕೆ.

ಮಾರನೆಯ ದಿನ ಅಕ್ಕ ಹೊಲಿಗೆ ಹಿಡಿದು ಮಂಚ ಬಿಟ್ಟೇಳಲಿಲ್ಲ, ಇವರು ಗೋಡೆ ಓದಿ ಹಿಗ್ಗಿಹೋದರು. ಅಕ್ಕ ಇನ್ನೂ ಹತ್ತು ವರ್ಷ ಗಟ್ಟಿ ಎಂದು ಬೀದಿಯವರಿಗೆಲ್ಲ ಹೇಳಿಕೊಂಡು ಬಂದರು. ಮೂರು ವಾರ ಕೂತು ತೇಗದಲ್ಲಿ ಹಿಡಿ ಮಾಡಿದರು. ಅಷ್ಟು ನುಣುಪಾದ ಕೆಲಸ ಅವರ ಕೈಯಿಂದ ಹಿಂದೆಂದೂ ಬಂದಿರಲಿಲ್ಲ. ಅಕ್ಕಪಕ್ಕದ ಹೆಂಗಸರು ಬಂದು ಸವರಿ ನೋಡಿ, ನಮ್ಮನೆಗೂ ಇಂಥದ್ದೇ ಬೇಕು ಅಂದರು.

ನಾನು ದಿನಾ ಊಟ ಕೊಡಲು ಹೋದಾಗ ಹಿಡಿಯ ಮೇಲೆ ದೂಳು ಕೂತಿರುತ್ತಿತ್ತು. ಇವರ ಕಣ್ಣಿಗೆ ಬೀಳದಿರಲಿ ಎಂದು ಒರೆಸಿ ಬರುತ್ತಿದ್ದೆ. ಅಕ್ಕ ಹೇಗಿದ್ದಾಳೆ ಎಂದು ಇವರು ಕೇಳಿದರೆ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಏನೋ ಒಂದು ಹೇಳುವೆ. ಫೋನ್ ಬಂದರೆ ಇವರಿಗಿಂತ ಮೊದಲು ಓಡಿ ನಾನೇ ಎತ್ತುತ್ತಿದ್ದೆ. ಮೂರು ಸಲ ಹೇಳಿಬಿಡಲು ಬಾಯಿ ತೆರೆದೆ. ಮೂರು ಸಲವೂ, ನಾಳೆ ಹೇಳಿದರಾಯ್ತು ಅನ್ನಿಸಿತು.

ಒಂದು ಮಧ್ಯಾಹ್ನ ಎಷ್ಟು ತಟ್ಟಿದರೂ ಬಾಗಿಲು ತೆರೆಯಲಿಲ್ಲ. ಪಕ್ಕದ ಮನೆಯವರು ಬಂದು ಚಿಲಕ ಮುರಿದರು. ಅಕ್ಕ ಆ ಹಿಡಿಯ ಕೆಳಗೇ ಬಿದ್ದಿದ್ದರು, ಬೆಳಗಿನಿಂದ. ಗೋಡೆಯ ಮೇಲೆ ಉಗುರಿನಿಂದ ಕೆರೆದ ಗೀರುಗಳಿದ್ದವು, ಹಿಡಿಗಿಂತ ಎರಡು ಗೇಣು ಕೆಳಗೆ. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ಹೋಗಿಬಿಟ್ಟರು. ತಮ್ಮನಿಗೆ ಏನೂ ಹೇಳಲಿಲ್ಲ. ನನ್ನ ಕೈಯನ್ನು ಮಾತ್ರ ಒಮ್ಮೆ ಗಟ್ಟಿಯಾಗಿ ಹಿಡಿದಿದ್ದರು.

ಆಮೇಲೆ ಇವರು ಉಳಿ ಮುಟ್ಟಲಿಲ್ಲ. ಕೆಲಸಕ್ಕೆ ಕರೆಯಲು ಬಂದವರಿಗೆ, ನನ್ನ ಅಳತೆ ನೆಚ್ಚಬೇಡಿ, ಬೇರೆಯವರನ್ನು ನೋಡಿಕೊಳ್ಳಿ ಎಂದು ಕಳಿಸುತ್ತಿದ್ದರು. ಅಷ್ಟು ಜಂಬದ ಮನುಷ್ಯ ಜಗಲಿ ಮೇಲೆ ಮುದುಡಿ ಕೂತಿರುವುದನ್ನು ನೋಡಲಾರದೆ ನಾನು ಒಳಗೇ ಸುಳಿದಾಡುತ್ತಿದ್ದೆ. ಒಂದು ದಿನ, ನನ್ನ ಅಳತೆನೇ ಅಕ್ಕನ್ನ ಕೊಂದಿತು ಅಂದರು. ಆಗ ನನ್ನಿಂದ ತಡೆಯಲಾಗಲಿಲ್ಲ. ಒದ್ದೆ ಬಟ್ಟೆಯಿಂದ ಹಿಡಿದು ದೂಳಿನವರೆಗೆ ಎಲ್ಲ ಹೇಳಿಬಿಟ್ಟೆ. ನನ್ನ ಮನೆಗೆ ಬಂದಾರು ಎಂಬ ಹೆದರಿಕೆಗೇ ಸುಮ್ಮನಿದ್ದೆ ಎಂಬುದನ್ನೂ ಹೇಳಿದೆ.

ಬೈಯುತ್ತಾರೆ, ಹೊಡೆದರೂ ಹೊಡೆಯಲಿ ಎಂದುಕೊಂಡು ನಿಂತಿದ್ದೆ. ಅವರು ಗುರುತು ಎಷ್ಟೆತ್ತರಕ್ಕಿತ್ತು ಎಂದಷ್ಟೇ ಕೇಳಿದರು. ನಾನು ಬಗ್ಗಿ ಮೊಣಕಾಲ ಹತ್ತಿರ ಕೈ ಇಟ್ಟು ತೋರಿಸಿದೆ. ಅವರು ಬಗ್ಗಿ, ನೆಲದಿಂದ ನನ್ನ ಕೈವರೆಗೆ ಗೇಣು ಹಾಕಿ ಅಳೆದರು.

"ಆ ಎತ್ತರಕ್ಕೂ ಹಿಡಿ ಹಾಕ್ತಿದ್ದೆ ಕಣೇ," ಅಂದರು. "ಆ ಅಜ್ಜಂಗೆ ಆಗಲ್ಲ ಅಂದೆ. ಅಕ್ಕಂಗೆ ಆಗಲ್ಲ ಅಂತಿದ್ನಾ?"