ಲಾಡ್ಜಿನ ಅಣ್ಣತಮ್ಮಂದಿರು

ಕೊಡಗು ಇನ್ನೂ ತನ್ನದೇ ಒಂದು ಪುಟ್ಟ ರಾಜ್ಯವಾಗಿದ್ದಾಗ ನಾನು ಮಡಿಕೇರಿಯಲ್ಲಿ ಹೊಸದಾಗಿ ವಕೀಲಿ ಶುರುಮಾಡಿದ್ದೆ. ನನ್ನ ಸೀನಿಯರ್ ಒಬ್ಬ ಕೊಡವ ಹಿರಿಯರು. ತಿಂಗಳಿಗೊಂದು ಶನಿವಾರ ಅವರು ಮಧ್ಯಾಹ್ನವೇ ಕೆಲಸ ಮುಗಿಸಿ, ಚಪ್ಪಟೆಯಾದ ಚರ್ಮದ ಪೆಟ್ಟಿಗೆಯೊಂದನ್ನು ಹಿಡಿದು ಹೊರಟುಬಿಡುತ್ತಿದ್ದರು. ಸೋಮವಾರ ಬಂದಾಗ ಅವರ ಮುಖದಲ್ಲಿ ಮದುವೆಮನೆಗೆ ಹೋಗಿ ಬಂದವರ ಕಳೆ ಇರುತ್ತಿತ್ತು. ನಾನು ಒಬ್ಬನೇ ಮಗ. ಊರಲ್ಲಿ ಪರಿಚಯದವರು ಬೇಕಾದಷ್ಟಿದ್ದರೂ ಮನಸ್ಸು ಬಿಚ್ಚಿ ಮಾತಾಡುವಂಥವರು ಯಾರೂ ಇರಲಿಲ್ಲ. ಒಂದು ದಿನ ಧೈರ್ಯ ಮಾಡಿ ಕೇಳಿದೆ: "ಸರ್, ಶನಿವಾರ ಎಲ್ಲಿಗೆ ಹೋಗ್ತೀರಿ?"

"ಫ್ರೀಮೇಸನ್ ಲಾಡ್ಜಿಗೆ," ಎಂದು ಅವರು ನಕ್ಕರು. "ಸೇರಿದವರೆಲ್ಲ ಅಣ್ಣತಮ್ಮಂದಿರು ಅನ್ನೋ ಒಂದು ಗುಟ್ಟಿನ ಸಂಘ. ನೀವಾಗೇ ಕೇಳ್ಲಿ ಅಂತ ಕಾಯ್ತಾ ಇದ್ದೆ. ನಾವಾಗಿ ಯಾರನ್ನೂ ಕರೆಯೋ ಹಾಗಿಲ್ಲ."

ಮನೆಯಲ್ಲಿ ಹೇಳಿದಾಗ ಹೆಂಡತಿ ಬೆಚ್ಚಿದಳು. "ಅದು ಭೂತದ ಬಂಗ್ಲೆ ಅಂತಾರಲ್ರೀ! ಒಳಗೆ ಏನೇನೋ ಮಾಡ್ತಾರಂತೆ." ಸುದ್ದಿ ಮಾದಾಪುರದಲ್ಲಿದ್ದ ಅಪ್ಪನಿಗೂ ತಲುಪಿತು. ಅಪ್ಪ ಅಲ್ಲಿನ ಇಂಗ್ಲಿಷ್ ದೊರೆಯೊಬ್ಬರ ಎಸ್ಟೇಟಿನಲ್ಲಿ ಜೀವಮಾನವಿಡೀ ರೈಟರಾಗಿದ್ದವರು. ಆಳುಗಳ ಹಾಜರಿ, ಕಾಫಿಹಣ್ಣು ಪಿಕಿಂಗಿನ ಲೆಕ್ಕ ಎಲ್ಲ ಅವರದೇ. ದೊರೆಯ ಬಂಗಲೆಯ ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು, ಕೊಡೆ ಮಡಚಿ, ನಿಂತೇ ಮಾತಾಡಿ ಬರುತ್ತಿದ್ದರು. ಅವರು ಕೇಳಿದ್ದು ಒಂದೇ: "ಅಲ್ಲಿ ದೊರೆಗಳೂ ಬತ್ತಾರಂತೆ. ನಿನ್ನ ಕೂರಕ್ಕೆ ಬಿಡ್ತಾರೇನ್ಲಾ ಮಗಾ?"

ಸೇರುವ ದಿನ ಮೊದಲ ತೊಡಕು ಬಾಗಿಲಲ್ಲೇ ಎದುರಾಯಿತು. ಹೊಸಬರ ಮೈಮೇಲೆ ಲೋಹದ್ದು ಏನೂ ಇರಬಾರದೆಂಬುದು ಅಲ್ಲಿನ ನಿಯಮ. ಉಂಗುರ, ಗಡಿಯಾರ ತೆಗೆದುಕೊಟ್ಟೆ. ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿ ಕರಡಿಗೆ ಇತ್ತು. ಲಿಂಗ ಮೈಬಿಟ್ಟು ಇರುವಂತಿಲ್ಲ. "ಇದನ್ನು ಮಾತ್ರ ತೆಗೆಯಲು ಆಗುವುದಿಲ್ಲ" ಎಂದೆ. ಇನ್ನು ವಾಪಸ್ಸು ಹೊರಡುವುದೇ ಎಂದುಕೊಂಡೆ. ಬಾಗಿಲು ಕಾಯುತ್ತಿದ್ದ ಸದಸ್ಯರು ವಿರಾಜಪೇಟೆಯ ಮರದ ವ್ಯಾಪಾರಿ, ವಯಸ್ಸಾದ ಮುಸಲ್ಮಾನರು. ಅವರು ಸ್ವಲ್ಪ ಯೋಚಿಸಿ, ಜೇಬಿನಿಂದ ಮಡಿಕೆ ಬಿಚ್ಚದ ಬಿಳಿ ಕರ್ಚೀಫು ತೆಗೆದು ಎರಡೂ ಕೈಯಲ್ಲಿ ನೀಡಿದರು.

"ಬೆಳ್ಳಿ ಇಲ್ಲಿರ್ಲಿ ಸ್ವಾಮಿ. ದೇವರನ್ನ ಇದ್ರಲ್ಲಿ ಕಟ್ಕೊಳ್ಳಿ. ಹೊಸ ಬಟ್ಟೆ, ಒಮ್ಮೇನೂ ಉಪಯೋಗಿಸಿಲ್ಲ."

ಲಿಂಗವನ್ನು ಆ ಬಟ್ಟೆಯಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡೆ. ನಾನು ಕಟ್ಟಿ ಮುಗಿಸುವವರೆಗೂ ಅವರು ಮುಖ ಆಚೆ ತಿರುಗಿಸಿ ನಿಂತಿದ್ದರು.

ಒಳಗೆ ನಡೆದದ್ದನ್ನು ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ. ಇಷ್ಟು ಹೇಳಬಹುದು: ಕಣ್ಣಿಗೆ ಬಟ್ಟೆ ಕಟ್ಟಿದ್ದರು, ಯಾರೋ ನನ್ನ ಕೈ ಹಿಡಿದು ನಡೆಸುತ್ತಿದ್ದರು. ನಾನು ಎಡವಿದಾಗ ಆ ಕೈ ಬಿಗಿಯಾಗುತ್ತಿತ್ತು, ಸರಿಹೋದ ಮೇಲೆ ಸಡಿಲವಾಗುತ್ತಿತ್ತು. ಕಣ್ಣಿನ ಬಟ್ಟೆ ಬಿಚ್ಚಿದಾಗ ಪಕ್ಕದಲ್ಲಿ ನಿಂತಿದ್ದವರನ್ನು ನೋಡಿದೆ. ಅಪ್ಪನ ದೊರೆ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವರಿಗೆ ನನ್ನ ಗುರುತು ಇರಲಿಲ್ಲ. ಕೈಕುಲುಕಿ "ಬ್ರದರ್" ಎಂದರು.

ಆಮೇಲೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ನಾನು ಮಾಂಸ ತಿನ್ನುವುದಿಲ್ಲವೆಂದು ಸೀನಿಯರ್ ಮನೆಯಿಂದ ಅಕ್ಕಿರೊಟ್ಟಿ, ಕುಂಬಳಕಾಯಿ ಪಲ್ಯ ಬೇರೆಯಾಗಿ ಬಂದಿತ್ತು. ದೊರೆ ನನ್ನ ಊರು ಕೇಳಿದರು.

"ಮಾದಾಪುರ. ನಿಮ್ಮ ಎಸ್ಟೇಟಿನ ರೈಟರ ಮಗ."

ಅವರು ಚಮಚ ಕೆಳಗಿಟ್ಟರು. ತಮ್ಮ ಎಸ್ಟೇಟ್ ಕನ್ನಡದಲ್ಲಿ, "ರೈಟರ್ ಹ್ಯಾಗಿದ್ದಾನೆ?" ಎಂದು ಕೇಳಿ, ಕೇಳಿದ ಮೇಲೆ ಯಾಕೋ ತಡೆದರು. ಸೀನಿಯರ್ ಕಡೆ ತಿರುಗಿದರು. "ಬ್ರದರ್‌ನ ಅಪ್ಪ ನನಗೆ ಏನಾಗ್ಬೇಕು?"

"ಅಪ್ಪನೇ ಆಗ್ಬೇಕು," ಎಂದರು ಸೀನಿಯರ್, ಅನ್ನ ಕಲಸುತ್ತ.

ಮುಂದಿನ ಭಾನುವಾರ ನಾನೂ ಹೆಂಡತಿಯೂ ಮಾದಾಪುರದ ಮನೆಯಲ್ಲಿದ್ದಾಗ ಅಂಗಳದಲ್ಲಿ ಜೀಪು ನಿಂತಿತು. ದೊರೆ ಒಬ್ಬರೇ ಇಳಿದರು. ಅಪ್ಪ ದಡಬಡಿಸಿ ಎದ್ದು, ಹೆಗಲ ಟವೆಲ್ಲನ್ನು ಕೈಗೆ ತೆಗೆದುಕೊಂಡು ಬಾಗಿಲಲ್ಲಿ ನಿಂತರು. ದೊರೆ ತಾವೇ ಬೂಟು ಕಳಚಿ ಒಳಗೆ ಬಂದರು.

"ರೈಟರೇ, ನೀವು ಕೂತ್ಕೊಳ್ಳಿ."

ಅಪ್ಪ ತಿರುಗಿ ಹಿಂದೆ ನೋಡಿದರು, ಬೇರೆ ಯಾರಿಗೋ ಹೇಳಿದ್ದೆಂದು. ಹಿಂದೆ ಯಾರೂ ಇರಲಿಲ್ಲ.

"ಇಲ್ಲ ಸ್ವಾಮಿ. ನಿಂತೇ ರೂಢಿ."

"ಹಾಗಾದ್ರೆ ನಾನೂ ನಿಂತ್ಕೋತೀನಿ."

ಹೆಂಡತಿ ಕಾಫಿ ತಂದುಕೊಟ್ಟಳು. ಇಬ್ಬರು ಮುದುಕರೂ ಲೋಟ ಹಿಡಿದು ನಡುಮನೆಯಲ್ಲಿ ಎದುರುಬದುರು ನಿಂತರು. ದೊರೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ್ದನ್ನು ಅಪ್ಪ ಕಂಡರು.

"ದೊರೆಗಳಿಗೆ ಮಂಡಿ ನೋವು ಇನ್ನೂ ಹೋಗಿಲ್ವಾ?" ಎನ್ನುತ್ತಲೇ ಬೆಂಚಿನ ತುದಿಯಲ್ಲಿ ಕೂತುಬಿಟ್ಟರು. ಆಗ ದೊರೆಯೂ ಪಕ್ಕದಲ್ಲಿ ಕೂತರು. ಆಮೇಲೆ ಮಾತು ತಾನಾಗಿ ಹರಿಯಿತು. ಕಾಫಿ ಹೂಬಿಡಿಸುವ ಹೂಮಳೆ ಕೈಕೊಟ್ಟ ವರ್ಷ, ಆಳುಗಳ ಲೈನುಮನೆಗಳಿಗೆ ಆನೆ ನುಗ್ಗಿದ್ದು, ದೊರೆಯ ಹೆಂಡತಿ ತೀರಿಕೊಂಡಾಗ ಅಪ್ಪ ಬಂಗಲೆಯ ವರಾಂಡದಲ್ಲಿ ಇಡೀ ದಿನ ನಿಂತಿದ್ದದ್ದು. "ಆವತ್ತು ನಿಮ್ಮನ್ನ ಒಳಗೆ ಕರೀಬೇಕಿತ್ತು," ಎಂದರು ದೊರೆ. ಅಪ್ಪ ಟವೆಲ್ಲಿನಿಂದ ಕಣ್ಣೊರೆಸಿಕೊಂಡರು. "ಅಮ್ಮಾವ್ರು ಭಾಳ ಒಳ್ಳೇವ್ರು ಸ್ವಾಮಿ," ಎಂದಷ್ಟೇ ಹೇಳಿದರು.

ಜೀಪು ಹೋದ ಮೇಲೂ ಅಪ್ಪ ಬೆಂಚಿನಿಂದ ಏಳಲಿಲ್ಲ.

"ನನ್ನ 'ನೀವು' ಅಂದ್ರಲ್ಲಾ ಮಗಾ ದೊರೆ."

"ಹೂಂ ಅಪ್ಪ."

"ಆ ಬಂಗ್ಲೆಲಿ ಅದನ್ನೇ ಕಲಿಸ್ತಾರಾ?"

ಯೋಚಿಸಿ ನೋಡಿದೆ. ಮಂತ್ರದಂಥ ಉದ್ದುದ್ದ ಮಾತುಗಳನ್ನೂ, ಎಲ್ಲಿ ನಿಲ್ಲಬೇಕು ಎಲ್ಲಿ ತಿರುಗಬೇಕು ಎಂಬುದನ್ನೂ ಕಲಿಸುತ್ತಿದ್ದರು. ಆದರೆ ಅಪ್ಪನಿಗೆ ಹೇಳಬೇಕಾದದ್ದು ಅದಲ್ಲ ಎನ್ನಿಸಿತು.

"ಅದನ್ನೇ ಅಪ್ಪ."

"ಹಂಗಾರೆ ಹೋಗು. ತಪ್ಪಿಸ್ಬ್ಯಾಡ."

ನಾನು ತಪ್ಪಿಸಲಿಲ್ಲ. ದೊರೆ ಎಸ್ಟೇಟು ಮಾರಿ ತಮ್ಮ ದೇಶಕ್ಕೆ ಹೊರಟಾಗ ಅಪ್ಪ ಬಸ್ಸು ಹಿಡಿದು ಮಡಿಕೇರಿಗೆ ಬಂದು, ಮನೆಯ ಮೆಣಸು ಒಂದು ಪೊಟ್ಟಣ ಕೊಟ್ಟರು.

ಕೊಡಗು ಮೈಸೂರಿಗೆ ಸೇರುತ್ತದೆಂಬ ಮಾತು ಎಲ್ಲೆಡೆ ಇದ್ದ ಆ ಚಳಿಗಾಲದಲ್ಲಿ ಅಪ್ಪ ತೀರಿಕೊಂಡರು. ಸುದ್ದಿ ತಿಳಿದು ಲಾಡ್ಜಿನವರೆಲ್ಲ ಎರಡು ಜೀಪುಗಳಲ್ಲಿ ಮಾದಾಪುರಕ್ಕೆ ಬಂದರು. ನಮ್ಮಲ್ಲಿ ಸಮಾಧಿ ಮಾಡುವ ಪದ್ಧತಿ. ಅಪ್ಪನನ್ನು ಕೂರಿಸಿ, ವಿಭೂತಿ, ಪತ್ರೆ ಹಾಕಿ ಮಣ್ಣು ಕೊಡುವಾಗ ವಿರಾಜಪೇಟೆಯ ವ್ಯಾಪಾರಿ ದೂರದಲ್ಲೇ ನಿಂತಿದ್ದರು. ನಾನು ನಮ್ಮ ಮಠದಯ್ಯನವರ ಮುಖ ನೋಡಿದೆ. "ಬನ್ನಿ, ನೀವೂ ಹಾಕಿ," ಎಂದು ಅಯ್ಯನವರೇ ಕೂಗಿ ಕರೆದರು. ಲಾಡ್ಜಿನವರು ಒಬ್ಬೊಬ್ಬರಾಗಿ ಬಂದು, ಬಗ್ಗಿ, ಹಿಡಿ ಮಣ್ಣು ಹಾಕಿದರು.

ಜೀಪುಗಳು ಹೊರಟಾಗ ಸೀನಿಯರ್ ಹತ್ತಲಿಲ್ಲ. ಒಳಗೆ ಬಂದು ಕೋಟು ಬಿಚ್ಚಿ ಗೋಡೆಯ ಮೊಳೆಗೆ ತೂಗುಹಾಕಿದರು.

"ಇವತ್ತು ನಾನು ಇಲ್ಲೇ ಇರ್ತೀನಿ," ಎಂದು ನನ್ನ ಹೆಂಡತಿಗೆ ಹೇಳಿದರು. "ಬರೀ ಅನ್ನ ಸಾರು ಸಾಕಮ್ಮ." ಆಮೇಲೆ ನನ್ನ ಪಕ್ಕದಲ್ಲಿ ಚಾಪೆ ಎಳೆದುಕೊಂಡು ಕೂತರು.