ಎಂಜಿನ್ನಿಗೆ ಚಳಿಗಾಲದ ಕೋಟು

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವವರು ಪ್ರತಿ ಬೀದಿಯಲ್ಲೂ ಒಬ್ಬಿಬ್ಬರಾದರೂ ಇರುತ್ತಾರೆ. ನಮ್ಮ ಟೈಲರ್ ಆ ಪೈಕಿಯವನಲ್ಲ. ಕತ್ತಿಗೆ ಅಳತೆ ಟೇಪು ಬಿದ್ದ ಗಳಿಗೆಯಿಂದ ಭೂಮಂಡಲವೆಲ್ಲ ತನ್ನ ಕತ್ತರಿಗೆ ಬಂದ ಬಟ್ಟೆ ಎಂದೇ ಅವನ ಎಣಿಕೆ. ಹಲ್ಲುನೋವು ಎಂದು ಬಂದವನಿಗೂ ಹೊಲಿಗೆಯ ಭಾಷೆಯಲ್ಲೇ ಮದ್ದು ಹೇಳುತ್ತಿದ್ದ. ಕೇಳಿದವನ ನೋವು ಹಲ್ಲು ಬಿಟ್ಟು ತಲೆಗೆ ಏರುತ್ತಿತ್ತು.

ಅಂಥವನ ಮನೆಗೆ ಒಂದು ಕಾರು ಬಂತು. ಹೆಂಡತಿಯ ಅಣ್ಣ ಹೊಸದು ಕೊಂಡು, ಹಳೆಯದನ್ನು ತಂಗಿಗೆ ಬಿಟ್ಟುಕೊಟ್ಟಿದ್ದ. ಗಾಡಿಯ ಜೊತೆ ಬಂದ ಪುಸ್ತಕದ ರಟ್ಟು ಗಟ್ಟಿಯಾಗಿದೆಯೆಂದು ಟೈಲರ್ ಅದನ್ನು ಕತ್ತರಿಸಿ ಕಾಲರಿನ ಅಚ್ಚು ಮಾಡಿಕೊಂಡ. ಒಳಗೇನು ಬರೆದಿತ್ತೆಂದು ಆ ಕಾಲರುಗಳನ್ನು ತೊಟ್ಟವರನ್ನೇ ಕೇಳಬೇಕು.

ಎಂಜಿನ್ ಎಣ್ಣೆಯ ವಿಷಯದಲ್ಲಿ ಅವನ ಸಿದ್ಧಾಂತ ಒಂದೇ: ಮನುಷ್ಯನಿಗೆ ಹೇಗೋ ಗಾಡಿಗೂ ಹಾಗೆ. ಬೇಸಿಗೆಗೆ ತೆಳು, ಚಳಿಗಾಲಕ್ಕೆ ದಪ್ಪ. ಅಂಗಡಿಯಲ್ಲಿ ಒಂದು ತೊಟ್ಟು ಎಣ್ಣೆಯನ್ನು ಬೆರಳ ನಡುವೆ ತಿಕ್ಕಿ, ಬಟ್ಟೆಯ ನೂಲು ನೋಡುವವನ ಹಾಗೆ ಕಣ್ಣು ಮುಚ್ಚಿ, "ಇದು ಮಲ್ಮಲ್ಲು, ಬೇಸಿಗೆಗೆ ಕೊಡಿ" ಎಂದ. ಆ ಬೇಸಿಗೆ ಬೀದಿಯ ಡಾಂಬರು ಕರಗಿ, ನಡೆಯುವವರ ಚಪ್ಪಲಿಗಳು ಹಿಂದೆಯೇ ಉಳಿದುಬಿಡುತ್ತಿದ್ದವು. ಏರು ಹತ್ತುವಾಗ ಎಂಜಿನ್ ಒಳಗಿನಿಂದ ಟಕಟಕ ಸದ್ದು ಬರತೊಡಗಿತು. "ಕೇಳೇ, ಹೊಲಿಗೆ ಮಿಷನ್ ಥರ ಹಾಡ್ತಿದೆ!" ಎಂದು ಟೈಲರ್ ಹಿಗ್ಗಿದ. ಸ್ಟೀರಿಂಗಿನ ಹಿಂದೆ ಎಣ್ಣೆಯ ಕೆಂಪು ದೀಪ ಹೊತ್ತಿಕೊಂಡಾಗ ಮಾತ್ರ ಕೊಂಚ ಯೋಚಿಸಿದ. ಯೋಚಿಸಿ, ಅದರ ಮೇಲೆ ಒಂದು ಕರಿ ಬಟ್ಟೆಯ ತೇಪೆ ಅಂಟಿಸಿದ.

ಚಳಿಗಾಲ ಬಂತು. ಆ ವರ್ಷದ ಚಳಿಗೆ ಜನರ ಮಾತು ಬಾಯಿಂದ ಹೊರಬಂದು ಕಿವಿ ಮುಟ್ಟುವಷ್ಟರಲ್ಲಿ ಹೆಪ್ಪುಗಟ್ಟುತ್ತಿತ್ತು. ಟೈಲರನ ಮಾತು ಮಾತ್ರ ಹೇಗೋ ತಲುಪುತ್ತಿತ್ತು, ಅದೇ ದುರದೃಷ್ಟ. ಲಾರಿಗೆ ಹಾಕುವ ಅತಿ ದಪ್ಪದ ಎಣ್ಣೆ ಹೊತ್ತುಕೊಂಡು ಮೆಕ್ಯಾನಿಕ್ ಹತ್ತಿರ ಹೋದ.

"ಟೈಲರಣ್ಣ, ಡಬ್ಬದ ಮೇಲೆ ಎರಡು ನಂಬರ್ ಇರ್ತವೆ" ಎಂದ ಮೆಕ್ಯಾನಿಕ್. "ಮೊದಲ್ನೇದು ಚಳಿಗೆ. ಅದು ಚಿಕ್ಕದಿದ್ದಷ್ಟೂ ಎಣ್ಣೆ ಚಳೀಲಿ ಸಲೀಸಾಗಿ ಹರಿಯುತ್ತೆ. ಎರಡ್ನೇದು ಎಂಜಿನ್ ಕಾದಾಗ ಉಳಿಯೋ ದಪ್ಪ. ನಿಮ್ ಗಾಡಿಗೆ ಐದು-ಮೂವತ್ತು ಹಾಕಿ, ವರ್ಷಪೂರ್ತಿ ತಲೆಬಿಸಿ ಇಲ್ಲ."

"ವರ್ಷಪೂರ್ತಿ ಒಂದೇ ಅಂಗಿ ಹಾಕ್ಕೊಂಡು ತಿರುಗ್ತೀಯೇನಯ್ಯ?"

"ತಿರುಗ್ತಿದೀನಲ್ಲ. ಹೊಸದು ನೀವು ಹೊಲಿದು ಕೊಟ್ರೆ ತಾನೇ!"

ಟೈಲರ್ ಕೇಳಲಿಲ್ಲ. ತಾನೇ ಹಳೆಯದನ್ನು ಇಳಿಸಿ ದಪ್ಪದ್ದನ್ನು ಸುರಿದು, "ಈಗ ಉಣ್ಣೆ ಕೋಟು ಹಾಕಿದೀನಿ" ಎಂದು ಬಾನೆಟ್ಟು ತಟ್ಟಿದ.

ಇದೆಲ್ಲ ನಗುವ ಮಾತಾಗಿಯೇ ಉಳಿಯುತ್ತಿತ್ತೋ ಏನೋ. ಆದರೆ ಮರುದಿನ ಬೆಳಿಗ್ಗೆ ಹೆಂಡತಿಗೆ ಡ್ರೈವಿಂಗ್ ಪರೀಕ್ಷೆ. ಶಿಶುವಿಹಾರದ ವ್ಯಾನು ಓಡಿಸಲು ಹೆಂಗಸೇ ಬೇಕೆಂದು ಅಲ್ಲಿನ ದೊಡ್ಡ ಮೇಡಂ ಹೇಳಿದ್ದರು. ಲೈಸೆನ್ಸ್ ಈ ವಾರ ಕೈಗೆ ಬಂದರೆ ಕೆಲಸ ಅವಳದು, ಇಲ್ಲವಾದರೆ ಸರದಿಯಲ್ಲಿರುವ ಮುಂದಿನವಳದು. ಮದುವೆಯಾದಾಗಿನಿಂದ ಗಂಡನ ಅಂಗಡಿಯಲ್ಲಿ ಗುಂಡಿ ಹಚ್ಚುತ್ತ ಅವನ ಉಪನ್ಯಾಸ ಕೇಳಿದ್ದವಳು ಅವಳು. ಅದರಿಂದ ಹೊರಬೀಳಲು ಅವಳಿಗಿದ್ದ ಬಾಗಿಲು ಆ ವ್ಯಾನಿನದು ಒಂದೇ.

ಬೆಳಿಗ್ಗೆ ಕೀಲಿ ತಿರುಗಿಸಿದಳು. ಊಂ... ಊಂ... ಎಂದು ಎರಡು ಸಲ ನರಳಿ ಎಂಜಿನ್ ಮಗ್ಗುಲು ಬದಲಿಸಿ ಮಲಗಿತು. ಇಳಿದು ಬಂದು ಎಣ್ಣೆ ನೋಡುವ ಕಡ್ಡಿ ಎಳೆದಳು. ತುದಿಗೆ ಹಳೇ ಗೋಂದಿನಂಥದ್ದು ಕಚ್ಚಿಕೊಂಡಿತ್ತು, ಬೀಳುವ ಮನಸ್ಸೇ ಇರಲಿಲ್ಲ.

"ರೀ, ಏನ್ರೀ ಇದು? ಎಣ್ಣೆಯೋ ಸ್ವೆಟರೋ?"

"ಬೆಚ್ಚಗಿರ್ಲಿ ಅಂತ..."

"ಬೆಚ್ಚಗಿದೆ ಅಂತಾನೇ ಏಳ್ತಿಲ್ಲ ಅದು!"

ಅವಳು ಅಂಗಡಿಗೆ ನುಗ್ಗಿ, ಕಾದಿದ್ದ ಇಸ್ತ್ರಿಪೆಟ್ಟಿಗೆಯನ್ನು ಉದ್ದನೆಯ ವೈರಿನ ಸಮೇತ ಕಿಟಕಿಯಿಂದ ಹೊರಗೆ ತಂದಳು.

"ಅಯ್ಯೋ, ನನ್ನ ಇಸ್ತ್ರಿಪೆಟ್ಟಿಗೆ!"

"ನೀವು ತೊಡಿಸಿದ ಕೋಟು. ನೀವೇ ಬಿಚ್ಚಿಸಿ. ಮಲಗ್ರಿ ಕೆಳಗೆ."

ಲೋಕಕ್ಕೆಲ್ಲ ಅಳತೆ ಹೇಳುತ್ತಿದ್ದ ಮಹಾಶಯ ಮಂಜು ಬಿದ್ದ ನೆಲದ ಮೇಲೆ ಅಂಗಾತ ಮಲಗಿ, ಎಣ್ಣೆ ಕರಗಲೆಂದು ಎಂಜಿನ್ನಿನ ಹೊಟ್ಟೆಗೆ ಇಸ್ತ್ರಿಪೆಟ್ಟಿಗೆ ಒತ್ತಿ ಹಿಡಿದ. ಬೆನ್ನು ಹೆಪ್ಪುಗಟ್ಟುತ್ತಿತ್ತು, ಮುಖ ಬೇಯುತ್ತಿತ್ತು. ಹಾದುಹೋಗುತ್ತಿದ್ದ ಮೆಕ್ಯಾನಿಕ್ ಬಗ್ಗಿ ನೋಡಿ, "ಟೈಲರಣ್ಣ, ಮಡಿಕೆ ನೆಟ್ಟಗೆ ಬರ್ತಿದೆಯಾ?" ಎಂದ. ಅವನ ಬಾಯಿ ಮುಚ್ಚಿದ್ದನ್ನು ಬೀದಿ ಕಂಡದ್ದು ಅದೇ ಮೊದಲು.

ಕಡೆಗೆ ಎಂಜಿನ್ ಕೆಮ್ಮಿತು, ಗುರುಗುಟ್ಟಿತು, ಶುರುವಾಯಿತು. ಹೆಂಡತಿ ಅದು ಬೆಚ್ಚಗಾಗುವವರೆಗೆ ಕಾದು, ಪಕ್ಕದ ಸೀಟಿಗೆ ಮೆಕ್ಯಾನಿಕನ್ನು ಹತ್ತಿಸಿಕೊಂಡು ಹೊರಟೇಹೋದಳು. ಹಿಂದಿನ ಸೀಟು ಖಾಲಿಯೇ ಇತ್ತು. ಗಂಡನನ್ನು ಕರೆಯಲಿಲ್ಲ. ಪರೀಕ್ಷೆಯ ಮೈದಾನಕ್ಕೆ ಹೊತ್ತು ಮೀರುವ ಮುಂಚೆ ಮುಟ್ಟಿದಳು, ಪಾಸಾದಳು. ಬರುವ ದಾರಿಯಲ್ಲೇ ಗ್ಯಾರೇಜಿನಲ್ಲಿ ದಪ್ಪದ್ದನ್ನು ಇಳಿಸಿ ಐದು-ಮೂವತ್ತು ಹಾಕಿಸಿ, ಕರಿ ತೇಪೆಯನ್ನು ಉಗುರಿನಿಂದ ಕಿತ್ತೆಸೆದಳು.

ಇಷ್ಟಾದ ಮೇಲೆ ಯಾವನಿಗಾದರೂ ಬುದ್ಧಿ ಬರಬೇಕಲ್ಲ? ಟೈಲರನಿಗೂ ಬಂತು, ಅವನದೇ ಅಳತೆಯಲ್ಲಿ.

ವ್ಯಾನು ಓಡಿಸಲು ಹೊರಡುವ ಮೊದಲ ದಿನ ಹೆಂಡತಿಯ ಕೈಗೆ ತಾನೇ ಹೊಲಿದ ಯೂನಿಫಾರ್ಮ್ ಕೋಟು ಇಟ್ಟ. ಎತ್ತಿ ಹಿಡಿದರೆ ಆಚೆಬದಿಯ ಗೋಡೆ ಕಾಣಿಸುತ್ತಿತ್ತು.

"ಏನ್ರೀ ಇದು, ಸೊಳ್ಳೆಪರದೆ?"

"ಚಳೀಲಿ ತೆಳುವೇ ಸರಿ ಅಂತ ನೀವೇ ಎಲ್ಲ ಸೇರಿ ಸಾಬೀತು ಮಾಡಿದ್ರಲ್ಲ! ರಕ್ತ ಸಲೀಸಾಗಿ ಹರೀಬೇಡ್ವೇನೇ?"

ಅವಳು ಅವನ ಮೈಮೇಲಿದ್ದ ದಪ್ಪ ಕೋಟಿನ ಗುಂಡಿಗಳನ್ನು, ಅವೆಲ್ಲ ತಾನೇ ಹಚ್ಚಿದವು, ಒಂದೊಂದಾಗಿ ಬಿಚ್ಚಿ, ಕೋಟು ಕಳಚಿ ತಾನು ತೊಟ್ಟು ವ್ಯಾನಿನ ಕಡೆ ನಡೆದಳು. ಟೈಲರ್ ಆ ಸೊಳ್ಳೆಪರದೆಯನ್ನೇ ತೊಟ್ಟು ಅಂಗಡಿ ಬಾಗಿಲಲ್ಲಿ ನಿಂತು, ಹಲ್ಲು ಕಟಕಟ ಕಡಿಯುತ್ತ, ಹೋಗುವವರಿಗೆಲ್ಲ ತೆಳುವಿನ ಮಹಿಮೆ ಹೇಳತೊಡಗಿದ.