ಗುಳ್ಳೆ ಏಳುವ ವೈನಿಗೆ ಈಶಣ್ಣನ ಸಹಿ

ಬೆಳಗಿನ ಆರು ಗಂಟೆ. ಅಮೆರಿಕದ ನ್ಯೂಅರ್ಕ್ ಬಂದರಿನ ಪಕ್ಕದ ಗೋದಾಮಿನಲ್ಲಿ ಈಶಣ್ಣ ನಿಂತಲ್ಲಿ ನಿಲ್ಲುತ್ತಿಲ್ಲ. ಇಟಲಿಯಿಂದ ಬಂದ ಇನ್ನೂರು ಪೆಟ್ಟಿಗೆ ಕೆಂಪು ವೈನ್, ರುಚಿ ಪರೀಕ್ಷಕರಾದ ಅವರ ಸಹಿಗಾಗಿ ಕಾದಿದೆ. ಬಾಟಲಿ ತೆರೆಯುತ್ತಾರೆ, ಮೂಸುತ್ತಾರೆ, ಕಿಟಕಿಯವರೆಗೆ ಹೋಗಿ ಬರುತ್ತಾರೆ, ಮತ್ತೆ ಮೂಸುತ್ತಾರೆ. ಅವರ ಕೆಲಸ ನೋಡಲು ಜೊತೆಗೆ ಬಂದ ನನಗೇ ನೋಡಿ ನೋಡಿ ಸಾಕಾಗಿದೆ.

ಗದಗ ಕಡೆಯ ಈಶಣ್ಣ ಧಾರವಾಡದಲ್ಲಿ ಕೆಮಿಸ್ಟ್ರಿ ಓದಿ ೧೯೬೯ರಲ್ಲಿ ಇಲ್ಲಿಗೆ ಬಂದವರು. ಹತ್ತಿರದ ಎಡಿಸನ್ ಊರಿನ ಮನೆಯಿಂದ ಡ್ರೈವ್ ಮಾಡಿಕೊಂಡು ಬಂದು ದಿನಕ್ಕೆ ನಲವತ್ತು ಬಾಟಲಿ ಪರೀಕ್ಷಿಸುತ್ತಾರೆ. ಈವರೆಗೆ ಒಂದು ಹನಿಯೂ ಗಂಟಲಿಗೆ ಇಳಿದಿಲ್ಲ. "ಬಾಯಾಗ ಹಾಕ್ಕೋತೀನಿ, ಉಗಳತೀನಿ. ಮನಿಗೆ ಹೋದ ಕೂಡ್ಲೇ ಜಳಕ. ಅಲ್ಲೀತನಾ ನಮ್ಮ ಶೈಲಮ್ಮ ಅಡಗಿಮನಿಗೆ ಬಿಟ್ಕೊಳ್ಳಂಗಿಲ್ರೀ." ನಮ್ಮವರ ಪಾರ್ಟಿಗಳಲ್ಲಿ ಯಾರಾದರೂ ಏನು ಕೆಲಸ ಎಂದು ಕೇಳಿದರೆ ಫುಡ್ ಲ್ಯಾಬ್ ಎಂದು ಹೇಳಿ ಮಾತು ಮರೆಸುತ್ತಾರಂತೆ.

ಇವತ್ತಿನ ಚಡಪಡಿಕೆಗೆ ಕಾರಣವಿದೆ. ಮೂರು ವರ್ಷದ ಹಿಂದೆ, ೧೯೭೧ರಲ್ಲಿ, ಇವತ್ತಿನ ಸರಕು ಬಂದಿರುವ ಇಟಲಿಯ ಟಸ್ಕನಿ ಸೀಮೆಯ ಇದೇ ಹಳ್ಳಿಯಿಂದ ವೈನ್ ಬಂದಿತ್ತು. ನಾಲಿಗೆಗೆ ಚುರುಗುಟ್ಟುವ ಸಣ್ಣ ಗುಳ್ಳೆಯಿತ್ತು. ಈಶಣ್ಣ ಕೆಟ್ಟಿದೆ ಎಂದು ಬರೆದರು, ಸರಕೆಲ್ಲ ವಾಪಸ್ ಹೋಯಿತು. ಆಮೇಲೆ ಗೋದಾಮಿನ ಮುದುಕ ಇಟಾಲಿಯನ್ ಹಮಾಲನೊಬ್ಬ ವಿಷಯ ಬಿಡಿಸಿ ಹೇಳಿದ. ಆ ಗುಡ್ಡದ ಸೀಮೆಯಲ್ಲಿ ಕಪ್ಪು, ಬಿಳಿ ದ್ರಾಕ್ಷಿಗಳನ್ನು ಬೆರೆಸಿ ವೈನ್ ಮಾಡುತ್ತಾರೆ. ಒಂದಿಷ್ಟು ಗೊಂಚಲು ತೆಗೆದಿಟ್ಟು, ಒಣಗಿಸಿ, ಹುದುಗಿದ ವೈನಿಗೆ ಮತ್ತೆ ಸೇರಿಸುತ್ತಾರೆ. ಅದು ಇನ್ನೊಮ್ಮೆ ಹುದುಗಿ ಬೇಗ ಕುಡಿಯಲು ಬರುತ್ತದೆ. ಅದಕ್ಕೇ ಅಗ್ಗ, ಅದಕ್ಕೇ ಗುಳ್ಳೆ.

"ಗುಳ್ಳಿ ಬಂದ್ರ ಕೆಟ್ಟೈತಿ ಅಂತ ಪುಸ್ತಕದಾಗ ಇತ್ತು. ಕುಡಿಯೋ ಮಂದೀನ ಒಂದ್ ಮಾತು ಕೇಳಿದ್ರ ತಿಳೀತಿತ್ತು. ನಾ ಕೇಳ್ಳಿಲ್ಲರೀ."

ಆಮೇಲೆ ಮೂರು ವರ್ಷ ಆ ಹಳ್ಳಿಯ ಒಂದು ಬಾಟಲಿಯೂ ಇಲ್ಲಿಗೆ ಬರಲಿಲ್ಲ; ಇವತ್ತಿನದೇ ಮೊದಲು. ಅದನ್ನು ಹೇಳುವಾಗ ಈಶಣ್ಣ ನನ್ನ ಮುಖ ನೋಡುವುದಿಲ್ಲ.

ಎಂಟು ಗಂಟೆಗೆ, ಅದೇ ಗುಳ್ಳೆಯ ಈ ವೈನ್ ಚೆನ್ನಾಗಿದೆ ಎಂದು ಬರೆದು ಸಹಿ ಹಾಕುತ್ತಾರೆ. ಸದ್ಯ ಮುಗಿಯಿತು ಎಂದು ನಾನು ಏಳುತ್ತೇನೆ. ಅಷ್ಟರಲ್ಲಿ ಕೆಳಗೆ ಇನ್ನೊಂದು ಸಾಲು ಸೇರಿಸುತ್ತಾರೆ: ೧೯೭೧ರ ನನ್ನ ವರದಿ ತಪ್ಪು. ವೈನ್ ತರಿಸುವ ಗೋದಾಮಿನ ಮಾಲೀಕ ಓದಿ ಮುಖ ಗಂಟಿಕ್ಕುತ್ತಾನೆ. ಯಾರೂ ಕೇಳದ ಹಳೆಯದನ್ನು ಕೆದಕಿದರೆ ಕೆಲಸ ಉಳಿಯುವುದು ಕಷ್ಟ, ಹೊಡೆದುಹಾಕು ಎನ್ನುತ್ತಾನೆ. ಹೆದರಿ ನಾನೂ ಅದನ್ನೇ ಹೇಳುತ್ತೇನೆ.

ಈಶಣ್ಣ ಪೆನ್ನು ಮುಚ್ಚಿ ಜೇಬಿಗೆ ಹಾಕಿಕೊಳ್ಳುತ್ತಾರೆ.

"ಕೆಟ್ಟೈತಿ ಅಂತ ನಾ ಬರದದ್ದು ಆ ಹಳ್ಳಿಗೆ ಮುಟ್ಟೈತಿ. ಕೆಟ್ಟಿದ್ದಿಲ್ಲ ಅನ್ನೂದೂ ಮುಟ್ಟಬೇಕಲ್ರೀ. ಇದರದೊಂದು ಕಾಪಿ ಅಲ್ಲಿಗೆ ಹೋಗಲಿ. ಕೆಲಸ ಇನ್ನೊಂದು ಹುಡುಕ್ಕೋಬಹುದು."